ಹಾಡು ಕನ್ವರ್ಟ್ ಆಗ್ತಿಲ್ವಾ? ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಒಂದು ಹಾಡನ್ನು ಎಂಪಿ3 ಮಾಡಲು ಹೋಗಿ ಅದು ಕೈಕೊಟ್ಟರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಇನ್ನೊಂದು ಸಾಫ್ಟ್‌ವೇರ್ ಹುಡುಕುವುದು. ಅದೂ ಕೈಕೊಟ್ಟರೆ ಮತ್ತೊಂದು. ಕೊನೆಗೆ ಕಂಪ್ಯೂಟರ್‌ನಲ್ಲಿ ನಾಲ್ಕೈದು ಕನ್ವರ್ಟರ್‌ಗಳು ಕೂತಿರುತ್ತವೆ, ಹಾಡು ಮಾತ್ರ ಇದ್ದ ಹಾಗೇ ಇರುತ್ತದೆ.

ಮನೆಯವರ, ಗೆಳೆಯರ ಫೈಲುಗಳನ್ನು ಬಹಳ ವರ್ಷದಿಂದ ಸರಿಮಾಡಿ ಕೊಡುತ್ತಿದ್ದೇನೆ. ಅದರಿಂದ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ತಪ್ಪು ಸಾಫ್ಟ್‌ವೇರಿನದ್ದಾಗಿರುವುದು ಕಡಿಮೆ. ಮೂಲ ಫೈಲೇ ಕೆಟ್ಟಿರುತ್ತದೆ, ಇಲ್ಲವೇ ನಾವು ಕೊಟ್ಟ ಸೆಟ್ಟಿಂಗ್ ಸರಿಯಿರುವುದಿಲ್ಲ, ಇಲ್ಲವೇ ಹಾಡು ನುಡಿಸುವ ಪ್ಲೇಯರ್‌ಗೆ ಆ ಫೈಲು ಅರ್ಥವಾಗುವುದಿಲ್ಲ. ಈ ಮೂರರಲ್ಲಿ ಯಾವುದು ಅಂತ ಗೊತ್ತಾಗುವ ತನಕ ಹೊಸ ಸಾಫ್ಟ್‌ವೇರ್ ಹಾಕುವುದು ಬೇಡ.

ಕೆಲಸ ಶುರುಮಾಡುವ ಮುಂಚೆ ಮೂಲ ಫೈಲಿನ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಬಿಡಿ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಅಜ್ಜಿ ಹಾಡಿದ ಹಾಡುಗಳನ್ನು ಒಂದು ಪುಟ್ಟ ರೆಕಾರ್ಡರ್‌ನಲ್ಲಿ ಹಿಡಿದಿಟ್ಟಿದ್ದೆ. ಜಾಗ ಉಳಿಯಲಿ ಅಂತ ಎಲ್ಲವನ್ನೂ 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್, ಬಹಳ ಕಡಿಮೆ) ಎಂಪಿ3 ಮಾಡಿ, ಮೂಲದ, ಕುಗ್ಗಿಸದ ವೇವ್ ಫೈಲುಗಳನ್ನು ಅಳಿಸಿದೆ. ಈಗ ಅಜ್ಜಿ ಇಲ್ಲ. ಆ ಫೈಲುಗಳಲ್ಲಿ ಅವರ ದನಿಯ ಹಿಂದೆ ನೀರೊಳಗಿಂದ ಬಂದಂಥ ಒಂದು ಗುಳುಗುಳು ಸದ್ದು ಇದೆ. ಅದನ್ನು ತೆಗೆಯಲು ಯಾವ ಸಾಫ್ಟ್‌ವೇರಿಗೂ ಆಗಿಲ್ಲ.

ಮೊದಲು ಮೂರು ಪರೀಕ್ಷೆ

ಮೂಲ ಫೈಲನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿ ಕೇಳಿ. ಬರೀ ಮೊದಲ ಹತ್ತು ಸೆಕೆಂಡ್ ಅಲ್ಲ, ನಡುವೆ ಒಂದು ಕಡೆ, ಕೊನೆಯಲ್ಲಿ ಒಂದು ಕಡೆ ಕೇಳಿ. ವಿಎಲ್‌ಸಿ ಬಹುತೇಕ ಎಲ್ಲ ಫಾರ್ಮ್ಯಾಟ್‌ಗಳನ್ನೂ ತಾನೇ ಓದಬಲ್ಲದು, ಹೊರಗಿನ ಕೋಡೆಕ್ (ಧ್ವನಿಯನ್ನು ಕುಗ್ಗಿಸುವ, ಬಿಚ್ಚುವ ವಿಧಾನ) ಕೇಳುವುದಿಲ್ಲ. ಅದರಲ್ಲೂ ಹಾಡು ಬರದಿದ್ದರೆ ಮೂಲದಲ್ಲೇ ತೊಂದರೆ ಇದೆ ಅಂದುಕೊಳ್ಳಿ.

ಮೂಲ ಸರಿಯಿದ್ದರೆ, ಚೆನ್ನಾಗಿದೆ ಅಂತ ಖಾತ್ರಿಯಿರುವ ಬೇರೊಂದು ಹಾಡನ್ನು ಅದೇ ಸಾಫ್ಟ್‌ವೇರ್‌ನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಕನ್ವರ್ಟ್ ಮಾಡಿ ನೋಡಿ. ಅದೂ ಹಾಳಾದರೆ ಸೆಟ್ಟಿಂಗ್ ಅಥವಾ ಸಾಫ್ಟ್‌ವೇರ್ ಕಡೆ ತಿರುಗಬೇಕು. ಅದು ಸರಿಬಂದರೆ ಸಾಫ್ಟ್‌ವೇರ್‌ಗೆ ಕ್ಲೀನ್ ಚಿಟ್.

ಕೊನೆಗೆ, ಹೊಸ ಫೈಲನ್ನು ಇನ್ನೊಂದು ಸಾಧನದಲ್ಲಿ ಹಾಕಿ. ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಹಾಡಿ, ಕಾರಿನ ಸ್ಟೀರಿಯೋದಲ್ಲಿ ಮಾತ್ರ ಬಾಯಿ ಬಿಡದಿದ್ದರೆ ಫೈಲಿನಲ್ಲಿ ತಪ್ಪಿಲ್ಲ, ಆ ಸಾಧನಕ್ಕೆ ತಕ್ಕ ಸೆಟ್ಟಿಂಗ್ ಬೇಕು ಅಷ್ಟೇ.

ಈ ಮೂರಕ್ಕೂ ಸೇರಿ ಐದು ನಿಮಿಷ ಸಾಕು. ಅರ್ಧಕ್ಕರ್ಧ ತೊಂದರೆಗಳು ಇಲ್ಲೇ ಯಾವ ಕಡೆಯವು ಅಂತ ಗೊತ್ತಾಗಿಬಿಡುತ್ತವೆ.

ಡಬ್ಬಿಯ ಮೇಲಿನ ಚೀಟಿ, ಒಳಗಿನ ಸರಕು

ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ3 ಅಂತ ಇದೆ ಅಂದ ಮಾತ್ರಕ್ಕೆ ಒಳಗಿರುವುದು ಎಂಪಿ3 ಆಗಬೇಕಿಲ್ಲ. ಅದು ಡಬ್ಬಿಯ ಮೇಲೆ ಅಂಟಿಸಿದ ಚೀಟಿ. ಸಕ್ಕರೆ ಡಬ್ಬಿಗೆ ಉಪ್ಪು ಅಂತ ಬರೆದರೆ ಸಕ್ಕರೆ ಉಪ್ಪಾಗುವುದಿಲ್ಲ ಅಲ್ವಾ? ಹಾಗೆಯೇ ಇನ್ನೊಂದು ಬಗೆಯ ಹಾಡಿನ ಫೈಲಾದ ಎಂ4ಎಯ ಹೆಸರನ್ನು ರೀನೇಮ್ ಮಾಡಿ ಎಂಪಿ3 ಎಂದರೆ ಕನ್ವರ್ಟ್ ಆಗುವುದಿಲ್ಲ. ಆದರೂ ಜನ ಇದನ್ನು ಮಾಡುತ್ತಾರೆ. ಕೆಲವು ಪ್ಲೇಯರ್‌ಗಳು ಚೀಟಿ ನೋಡದೆ ಒಳಗಿನದ್ದನ್ನೇ ನೋಡಿ ಹಾಡಿಸಿಬಿಡುತ್ತವೆ. ಹಾಗಾಗಿ ತಪ್ಪು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ.

ಒಳಗೇನಿದೆ ಅಂತ ನೋಡಲು ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಫೈಲನ್ನು ಅದರೊಳಗೆ ಎಳೆದು ಹಾಕಿ. ಡಬ್ಬಿ (ಫೈಲಿನ ಬಗೆ) ಯಾವುದು, ಒಳಗಿನ ಕೋಡೆಕ್ ಯಾವುದು, ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಬಿಟ್) ಎಷ್ಟು, ಸ್ಯಾಂಪಲ್ ರೇಟ್ (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿದೆ) ಎಷ್ಟು, ಎಷ್ಟು ಚಾನೆಲ್, ಎಷ್ಟು ನಿಮಿಷ, ಎಲ್ಲ ಹೇಳುತ್ತದೆ. ನನ್ನ ಪ್ರಕಾರ ಈ ಕೆಲಸಕ್ಕೆ ಕನ್ವರ್ಟರ್‌ಗಿಂತ ಮೊದಲು ಹಾಕಿಕೊಳ್ಳಬೇಕಾದದ್ದು ಇದನ್ನೇ.

ಮೀಡಿಯಾಇನ್ಫೋ ಕೂಡ ಬಾಯಿ ಬಿಡದಿದ್ದರೆ ಫೈಲನ್ನು ಒಂದು ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟ್‌ಗಳನ್ನು ಹಾಗೇ ತೋರಿಸುವ ಸಾಫ್ಟ್‌ವೇರ್) ತೆರೆದು ಮೊದಲ ಕೆಲವು ಅಕ್ಷರ ನೋಡಿ. ವೇವ್ ಫೈಲು ಆರ್ ಐ ಎಫ್ ಎಫ್ ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಧ್ವನಿಯಲ್ಲಿ ಏನನ್ನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಆದರೆ ಎಫ್ ಎಲ್ ಎ ಸಿ. ಆಗ್ ಆದರೆ ಓ ಜಿ ಜಿ ಎಸ್. ಟ್ಯಾಗ್ (ಹಾಡಿನ, ಕಲಾವಿದರ ಹೆಸರು ಬರೆದ ಭಾಗ) ಇರುವ ಎಂಪಿ3 ಸಾಮಾನ್ಯವಾಗಿ ಐ ಡಿ 3 ಎಂದು ಶುರುವಾಗುತ್ತದೆ. ಎಂ4ಎ ಫೈಲಿನಲ್ಲಿ ನಾಲ್ಕು ಬೈಟ್ ಬಿಟ್ಟು ಎಫ್ ಟಿ ವೈ ಪಿ ಕಾಣುತ್ತದೆ. ಒಮ್ಮೆ ಗೆಳೆಯನೊಬ್ಬ ಕಳಿಸಿದ ‘ಹಾಡು’ ತೆರೆದು ನೋಡಿದರೆ ಅದು ವೆಬ್ ಪುಟದ ಕೋಡ್‌ನಿಂದ ಶುರುವಾಗಿತ್ತು. ಡೌನ್‌ಲೋಡ್ ಆಗಿದ್ದದ್ದು ಹಾಡಲ್ಲ, ‘ಲಾಗಿನ್ ಮಾಡಿ’ ಎನ್ನುವ ಪುಟ. ಅವನು ಮೂರು ಕನ್ವರ್ಟರ್ ಬದಲಿಸಿದ್ದ.

ಇನ್ನೊಂದು ಸಣ್ಣ ವಿಷಯ. ವಿಂಡೋಸ್ ಮಾಮೂಲಿಯಾಗಿ ಫೈಲಿನ ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ ಆ ಚೀಟಿ) ಅಡಗಿಸಿಡುತ್ತದೆ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಅದು ಕಾಣುವ ಹಾಗೆ ಮಾಡಿಕೊಳ್ಳಿ. ಇಲ್ಲದಿದ್ದರೆ ಎಂಪಿ3 ಆದ ಮೇಲೆ ಮತ್ತೊಂದು ಎಕ್ಸ್‌ಟೆನ್ಶನ್ ಅಂಟಿಕೊಂಡಿದ್ದು ಕಣ್ಣಿಗೇ ಬೀಳುವುದಿಲ್ಲ.

ಯಾವ ಉಚಿತ ಸಾಫ್ಟ್‌ವೇರ್ ನಂಬಬಹುದು

ಉಚಿತ ಎನ್ನುವ ಪದದಲ್ಲೇ ಗೊಂದಲ ಇದೆ. ನಿಜವಾಗಿ ಉಚಿತವಾದವು ಇವೆ, ಸ್ವಲ್ಪ ದಿನ ಉಚಿತವಾದವು ಇವೆ, ಹಾಡಿನ ಮೂರನೇ ಒಂದು ಭಾಗ ಮಾತ್ರ ಉಚಿತವಾಗಿ ಕನ್ವರ್ಟ್ ಮಾಡುವಂಥವೂ ಇವೆ. ನಿಮ್ಮ ಹೊಸ ಫೈಲುಗಳೆಲ್ಲ ಒಂದೇ ಲೆಕ್ಕದಲ್ಲಿ ತುಂಡಾಗುತ್ತಿದ್ದರೆ, ಅಂದರೆ ಪ್ರತಿಯೊಂದೂ ಸರಿಯಾಗಿ ಅರ್ಧಕ್ಕೆ ಅಥವಾ ಮೂರು ನಿಮಿಷಕ್ಕೆ ನಿಲ್ಲುತ್ತಿದ್ದರೆ, ಅದು ದೋಷವಲ್ಲ. ಟ್ರಯಲ್ ಆವೃತ್ತಿಯ ಮಿತಿ.

ನಾನು ಮೊದಲು ಕೈಗೆತ್ತಿಕೊಳ್ಳುವುದು ಫ್ರೀಯಾಕ್. ಇಂಗ್ಲಿಷ್‌ನಲ್ಲಿ ಎಫ್ ಆರ್ ಇ, ನಡುವೆ ಕೋಲನ್, ಆಮೇಲೆ ಎ ಸಿ ಎಂದು ಬರೆಯುತ್ತಾರೆ. ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಎಂಪಿ3, ಫ್ಲ್ಯಾಕ್, ಓಪಸ್, ವೋರ್ಬಿಸ್, ಎಎಸಿ ಎಲ್ಲ ಮಾಡುತ್ತದೆ. ಇಡೀ ಫೋಲ್ಡರ್ ಹಾಕಿದರೂ ಟ್ಯಾಗ್ ಕಳೆಯುವುದಿಲ್ಲ. ದಿನನಿತ್ಯದ ಕೆಲಸಕ್ಕೆ ಇಷ್ಟು ಸಾಕು.

ಎಫ್‌ಎಫ್‌ಎಂಪೆಗ್ ಈ ಲೋಕದ ದೊಡ್ಡಣ್ಣ. 2000ದಲ್ಲಿ ಫ್ಯಾಬ್ರಿಸ್ ಬೆಲಾರ್ ಶುರುಮಾಡಿದ್ದು. ಬಟನ್‌ಗಳಿಲ್ಲ, ಕಮಾಂಡ್ ಟೈಪ್ ಮಾಡಬೇಕು. ದೋಷ ಹುಡುಕುವಾಗ ಇದೇ ಅನುಕೂಲ. ಏನು ತಪ್ಪಾಯಿತು ಅಂತ ಅದು ಸಾಲುಸಾಲಾಗಿ ಹೇಳುತ್ತದೆ. ಬಟನ್ ಇರುವ ಸಾಫ್ಟ್‌ವೇರ್‌ಗಳು ಬರೀ ‘ಎರರ್’ ಎಂದು ಸುಮ್ಮನಾಗುತ್ತವೆ. ಎಷ್ಟೋ ಕನ್ವರ್ಟರ್‌ಗಳ ಹೊಟ್ಟೆಯೊಳಗೆ ಕೆಲಸ ಮಾಡುವುದು ಎಫ್‌ಎಫ್‌ಎಂಪೆಗ್ಗೇ. ಹಾಗಾಗಿ ಒಂದು ಸಾಫ್ಟ್‌ವೇರ್‌ನಲ್ಲಿ ಆಗದ್ದು ಅದೇ ಎಂಜಿನ್ ಇರುವ ಇನ್ನೊಂದರಲ್ಲಿ ಆಗಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಆಡಾಸಿಟಿ ಇರುವುದು ಕತ್ತರಿಸಲು, ಸರಿಪಡಿಸಲು, ಕಣ್ಣಿಂದ ನೋಡಲು. ಒಂದೆರಡು ಫೈಲಿಗೆ ಚೆನ್ನ, ಇನ್ನೂರು ಹಾಡಿಗೆ ಕಷ್ಟ. ವಿಂಡೋಸ್‌ನಲ್ಲಿ ಫೂಬಾರ್2000 ಕೂಡ ಒಳ್ಳೆಯದು, ಅದಕ್ಕೆ ಎನ್‌ಕೋಡರ್ ಪ್ಯಾಕ್ ಬೇರೆಯಾಗಿ ಹಾಕಬೇಕು. ವಿಎಲ್‌ಸಿಯಲ್ಲೂ ಕನ್ವರ್ಟ್ ಮಾಡುವ ಸೌಲಭ್ಯ ಇದೆ. ತುರ್ತಿಗೆ ಬಳಸಿ, ಆದರೆ ತಪ್ಪಾದರೆ ಅದು ಹೇಳುವುದು ಕಡಿಮೆ. ಅದನ್ನು ನಾನು ಕೇಳುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಬ್ರೌಸರ್‌ನಲ್ಲೇ ಅಪ್‌ಲೋಡ್ ಮಾಡಿಸಿಕೊಂಡು ಕನ್ವರ್ಟ್ ಮಾಡಿಕೊಡುವ ತಾಣಗಳ ಬಗ್ಗೆ ಎಚ್ಚರ ಇರಲಿ. 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ, ಉಚಿತ ಫೈಲ್ ಕನ್ವರ್ಟರ್‌ಗಳ ಹೆಸರಿನಲ್ಲಿ ಕಂಪ್ಯೂಟರ್‌ಗೆ ಮಾಲ್‌ವೇರ್ ಸೇರಿಸುತ್ತಿರುವ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಮನೆಯವರ ಧ್ವನಿ ಇರುವ ಫೈಲನ್ನಂತೂ ಅಂಥ ಕಡೆ ಹಾಕಲೇಬೇಡಿ. ಸಾಫ್ಟ್‌ವೇರ್ ಇಳಿಸಿಕೊಳ್ಳುವಾಗಲೂ ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತು ಒತ್ತದೆ, ಅದನ್ನು ತಯಾರಿಸಿದವರ ಸ್ವಂತ ತಾಣಕ್ಕೇ ಹೋಗಿ.

ಫೈಲು ತೆರೆಯುವುದೇ ಇಲ್ಲ

ಇದಕ್ಕೆ ಮುಖ್ಯವಾಗಿ ಮೂರು ಕಾರಣ.

ಒಂದು, ಬೀಗ, ಅಂದರೆ ಹಾಡನ್ನು ಬೇರೆ ಕಡೆ ನುಡಿಸದಂತೆ ತಡೆಯುವ ರಕ್ಷಣೆ. ಹಾಡು ಕೇಳಿಸುವ ಆ್ಯಪ್‌ಗಳಲ್ಲಿ ಆಫ್‌ಲೈನ್‌ಗೆಂದು ಇಳಿಸಿಕೊಂಡ ಹಾಡುಗಳು ಬೀಗ ಹಾಕಿದ ಸ್ಥಿತಿಯಲ್ಲಿರುತ್ತವೆ. ಐಟ್ಯೂನ್ಸ್‌ನಲ್ಲಿ ಹಿಂದೆ ಮಾರುತ್ತಿದ್ದ ಎಂ4ಪಿ ಫೈಲುಗಳೂ ಹಾಗೇ. 2009ರಲ್ಲಿ ಆ ಅಂಗಡಿ ಹಾಡುಗಳ ಬೀಗ ತೆಗೆಯಿತು. ಬೀಗವಿರುವ ಫೈಲನ್ನು ಒಳ್ಳೆಯ ಉಚಿತ ಸಾಫ್ಟ್‌ವೇರ್‌ಗಳು ಕನ್ವರ್ಟ್ ಮಾಡುವುದಿಲ್ಲ. ‘ನಾವು ಬೀಗ ಒಡೆಯುತ್ತೇವೆ’ ಎನ್ನುವವರ ಹಿಂದೆ ಹೋಗಬೇಡಿ, ಬಹಳ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ. ಬೀಗವಿಲ್ಲದ ಪ್ರತಿ ಮಾರುವವರ ಹತ್ತಿರ ಕೊಂಡುಕೊಳ್ಳುವುದೇ ದಾರಿ.

ಎರಡು, ಬೇಕಾದ ಲೈಬ್ರರಿ (ಸಾಫ್ಟ್‌ವೇರ್ ಬಳಸಿಕೊಳ್ಳುವ ಸಹಾಯಕ ಕೋಡ್) ಇಲ್ಲ. ಆಡಾಸಿಟಿಯಲ್ಲಿ ಇದು ಪದೇಪದೇ ಆಗುತ್ತದೆ. ಎಂ4ಎ ಅಥವಾ ಡಬ್ಲ್ಯುಎಂಎ ತೆರೆಯಲು ಅದಕ್ಕೆ ಎಫ್‌ಎಫ್‌ಎಂಪೆಗ್ ಲೈಬ್ರರಿ ಬೇಕು. ಹಾಕಿದ ಮೇಲೂ ಕಾಣುತ್ತಿಲ್ಲ ಎಂದರೆ ಬಿಟ್ ನೋಡಿ. 64 ಬಿಟ್ ಆಡಾಸಿಟಿಗೆ 64 ಬಿಟ್ ಲೈಬ್ರರಿಯೇ ಬೇಕು, 32ರದ್ದು ಕೂರುವುದಿಲ್ಲ. ಹಳೆಯ ಟಿಪ್ಪಣಿಗಳಲ್ಲಿ ಎಂಪಿ3 ತಯಾರಿಸಲು ಲೇಮ್ ಎಂಬ ಸಾಫ್ಟ್‌ವೇರನ್ನು ಬೇರೆಯಾಗಿ ಹಾಕಿ ಎಂದು ಬರೆದಿರುತ್ತಾರೆ. ಅದು ಪೇಟೆಂಟ್ ಕಾಲದ ಮಾತು. ಎಂಪಿ3 ಪರವಾನಗಿ ವ್ಯವಸ್ಥೆ 2017ರ ಏಪ್ರಿಲ್‌ನಲ್ಲಿ ಮುಗಿಯಿತು. ಈಗಿನ ಆಡಾಸಿಟಿಯಲ್ಲಿ ಲೇಮ್ ಒಳಗೇ ಇರುತ್ತದೆ.

ಮೂರು, ಅರ್ಧಂಬರ್ಧ ಫೈಲು. ಡೌನ್‌ಲೋಡ್ ನಡುವೆ ನಿಂತಿರಬಹುದು, ಅಥವಾ ಮೊಬೈಲ್‌ನಲ್ಲಿ ರೆಕಾರ್ಡ್ ಆಗುತ್ತಿರುವಾಗಲೇ ಬ್ಯಾಟರಿ ಮುಗಿದಿರಬಹುದು. ಎಂಪಿ3 ಆದರೆ ಬಂದಷ್ಟು ಹಾಡುತ್ತದೆ, ಏಕೆಂದರೆ ಅದು ಸಣ್ಣ ಸಣ್ಣ ತುಂಡುಗಳ ಸಾಲು. ಎಂ4ಎ ಹಾಗಲ್ಲ. ಅದರೊಳಗೆ ‘ಮೂವ್’ ಎನ್ನುವ ಒಂದು ಪರಿವಿಡಿ ಇರುತ್ತದೆ, ಯಾವ ತುಂಡು ಎಲ್ಲಿದೆ ಅಂತ ಹೇಳುವುದು ಅದೇ. ರೆಕಾರ್ಡರ್‌ಗಳು ಇದನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತವೆ. ಅಷ್ಟರೊಳಗೆ ಮೊಬೈಲ್ ಆಫ್ ಆದರೆ ಧ್ವನಿ ಎಲ್ಲ ಇದ್ದರೂ ಪರಿವಿಡಿ ಇರುವುದಿಲ್ಲ. ಎಫ್‌ಎಫ್‌ಎಂಪೆಗ್ ಆಗ ‘ಮೂವ್ ಆ್ಯಟಮ್ ಸಿಗಲಿಲ್ಲ’ ಎಂದು ಸ್ಪಷ್ಟವಾಗಿ ಹೇಳುತ್ತದೆ. ಈ ಸಂದೇಶ ಕಂಡರೆ ಕನ್ವರ್ಟರ್ ಬದಲಿಸಬೇಡಿ. ಅನ್‌ಟ್ರಂಕ್ ಎಂಬ ಉಚಿತ ಸಾಫ್ಟ್‌ವೇರ್ ಪ್ರಯತ್ನಿಸಿ. ಅದೇ ಮೊಬೈಲ್‌ನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಮಾಡಿದ ಒಂದು ಒಳ್ಳೆಯ ರೆಕಾರ್ಡಿಂಗ್ ಜೊತೆಗೆ ಕೊಡಬೇಕು. ಅದನ್ನು ನೋಡಿಕೊಂಡು ಅದು ಕೆಟ್ಟ ಫೈಲಿಗೆ ಪರಿವಿಡಿ ಕಟ್ಟಲು ನೋಡುತ್ತದೆ. ಪ್ರತಿ ಸಲ ಆಗುತ್ತದೆ ಅಂತಲ್ಲ, ಆದರೆ ಆದಾಗ ಆಗುವ ಸಂತೋಷ ಹೇಳತೀರದು.

ಫ್ಲ್ಯಾಕ್ ಫೈಲುಗಳಿಗೆ ಒಂದು ವರ ಇದೆ. ಮೂಲ ಧ್ವನಿಯ ಎಂಡಿ5 ಲೆಕ್ಕ (ಬೆರಳಚ್ಚಿನಂಥ ಒಂದು ಗುರುತು) ಫೈಲಿನಲ್ಲೇ ಬರೆದಿರುತ್ತದೆ. ಫ್ಲ್ಯಾಕ್‌ನ ಸ್ವಂತ ಕಮಾಂಡ್‌ನಲ್ಲಿ ಟೆಸ್ಟ್ ಆಯ್ಕೆ ಕೊಟ್ಟರೆ ಇಡೀ ಹಾಡನ್ನು ಬಿಚ್ಚಿ, ಲೆಕ್ಕ ತಾಳೆ ನೋಡಿ, ಒಂದು ಬಿಟ್ ಆಚೀಚೆ ಆಗಿದ್ದರೂ ಹೇಳುತ್ತದೆ.

ಹಾಡು ಓಡುತ್ತದೆ, ಅಥವಾ ತೆವಳುತ್ತದೆ

ಒಂದು ದಿನ ತಂಗಿ ಫೋನ್ ಮಾಡಿದಳು. “ಅಣ್ಣಾ, ಇದು ನನ್ನ ಧ್ವನಿನೇ ಅಲ್ಲ. ಯಾರೋ ನಿದ್ದೆಗಣ್ಣಲ್ಲಿ ಹಾಡಿದ ಹಾಗಿದೆ.” ಅವಳು ಹಳೆಯ ಡಿಜಿಟಲ್ ರೆಕಾರ್ಡರ್‌ನಿಂದ ಫೈಲು ತೆಗೆದು ಆಡಾಸಿಟಿಗೆ ಹಾಕಿದ್ದಳು. ಅದು ತಲೆಬರಹವಿಲ್ಲದ ಕಚ್ಚಾ ಫೈಲು. ಅಂದರೆ ಒಳಗೆ ಬರೀ ಧ್ವನಿಯ ಅಂಕಿಗಳಿರುತ್ತವೆ, ಅವನ್ನು ಯಾವ ವೇಗದಲ್ಲಿ ಓದಬೇಕು ಅಂತ ಎಲ್ಲೂ ಬರೆದಿರುವುದಿಲ್ಲ. ತೆರೆಯುವಾಗ ನಾವೇ ಹೇಳಬೇಕು.

“ರೆಕಾರ್ಡರ್‌ನಲ್ಲಿ ಎಷ್ಟು ನಿಮಿಷ ತೋರಿಸುತ್ತೆ?” ಅಂದೆ.

“ಸರಿಯಾಗಿ ನಾಲ್ಕು.”

“ಕಂಪ್ಯೂಟರ್‌ನಲ್ಲಿ?”

“ನಾಲ್ಕು ನಿಮಿಷ ಇಪ್ಪತ್ತೊಂದು ಸೆಕೆಂಡ್.”

ಅಲ್ಲಿಗೆ ಉತ್ತರ ಸಿಕ್ಕಿತು. 261 ಸೆಕೆಂಡನ್ನು 240ರಿಂದ ಭಾಗಿಸಿದರೆ ಸುಮಾರು 1.088. 48,000ವನ್ನು 44,100ರಿಂದ ಭಾಗಿಸಿದರೂ ಅಷ್ಟೇ ಬರುತ್ತದೆ. ಅಂದರೆ ರೆಕಾರ್ಡ್ ಆಗಿದ್ದು ಸೆಕೆಂಡಿಗೆ 48,000 ಸ್ಯಾಂಪಲ್‌ನಂತೆ, ಓದಿಸಿದ್ದು 44,100ರಂತೆ. ಟ್ರ್ಯಾಕ್‌ನ ಮೆನುವಿನಲ್ಲಿ ರೇಟ್ ಎಂಬಲ್ಲಿ 48,000 ಎಂದು ಬದಲಿಸಿದಳು. ಆಮೇಲೆ ಫೋನಿನಲ್ಲೇ ಅವಳ ಹಾಡು ಕೇಳಿಸಿತು, ಅವಳದೇ ಧ್ವನಿಯಲ್ಲಿ.

ಆದ್ದರಿಂದ ವೇಗ ತಪ್ಪಿದಾಗ ಕಿವಿಗಿಂತ ಗಡಿಯಾರ ನಂಬಿ. ಮೂಲದ ಅವಧಿ, ಹೊಸದರ ಅವಧಿ ಎರಡನ್ನೂ ಸೆಕೆಂಡಿನಲ್ಲಿ ಬರೆದು ಭಾಗಿಸಿ. ತಂಗಿಯ ಫೈಲಿಗೆ ತಿರುಗುಮುರುಗಾಗಿ, 44,100ರ ಹಾಡನ್ನು 48,000 ಎಂದು ಓದಿದರೆ ನಾಲ್ಕು ನಿಮಿಷದ ಹಾಡು ಮೂರು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಯುತ್ತದೆ. ಶ್ರುತಿ ಕೀಬೋರ್ಡ್‌ನ ಒಂದೂವರೆ ಕೀಯಷ್ಟು ಮೇಲೇರುತ್ತದೆ. ಸರಿಯಾಗಿ ಅರ್ಧ ಅಥವಾ ಎರಡರಷ್ಟು ಬಂದರೆ ಚಾನೆಲ್ ಲೆಕ್ಕ ನೋಡಿ. ಕಚ್ಚಾ ಸ್ಟೀರಿಯೋ ಫೈಲನ್ನು ಮೊನೊ ಎಂದು ಓದಿಸಿದರೆ ಹಾಡು ಎರಡರಷ್ಟು ಉದ್ದವಾಗುತ್ತದೆ, ಮೊನೊವನ್ನು ಸ್ಟೀರಿಯೋ ಎಂದರೆ ಅರ್ಧಕ್ಕೆ ಮುಗಿಯುತ್ತದೆ. ಹಾಡೇ ಇಲ್ಲದೆ ಬರೀ ಭೋರ್ ಎನ್ನುವ ಗದ್ದಲ ಬಂದರೆ ಬೈಟ್‌ಗಳ ಕ್ರಮ ಅಥವಾ ಬಿಟ್ ಡೆಪ್ತ್ (ಒಂದು ಸ್ಯಾಂಪಲ್ ಬರೆಯಲು ಬಳಸಿದ ಬಿಟ್‌ಗಳ ಸಂಖ್ಯೆ) ತಪ್ಪಿದೆ. ಇಂಪೋರ್ಟ್ ಮಾಡುವಾಗ ಆ ಎರಡನ್ನು ಬದಲಿಸಿ ನೋಡಿ.

ಇಲ್ಲಿ ಒಂದು ಎಚ್ಚರ. ಆಡಾಸಿಟಿಯಲ್ಲಿ ಟ್ರ್ಯಾಕಿನ ರೇಟ್ ಬದಲಿಸುವುದು ಬೇರೆ, ರೀಸ್ಯಾಂಪಲ್ ಮಾಡುವುದು ಬೇರೆ. ಮೊದಲನೆಯದು ಓದುವ ವೇಗವನ್ನು ಬದಲಿಸುತ್ತದೆ. ಎರಡನೆಯದು ವೇಗ ಹಾಗೇ ಇಟ್ಟು ಸ್ಯಾಂಪಲ್‌ಗಳನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ತಪ್ಪಾಗಿ ಓದಿದ್ದನ್ನು ತಿದ್ದಲು ಮೊದಲನೆಯದೇ ಬೇಕು.

ಧ್ವನಿ ಮಂಕಾಗಿದೆ, ಒಡೆದಿದೆ

ನನ್ನ ಹತ್ತಿರ ಅತಿ ಜಾಸ್ತಿ ಬರುವ ದೂರು ಇದು. ಇದರಲ್ಲಿ ಸಾಫ್ಟ್‌ವೇರ್ ತಪ್ಪು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಎಂಪಿ3, ಎಎಸಿ, ವೋರ್ಬಿಸ್, ಓಪಸ್ ಇವೆಲ್ಲ ಫೈಲು ಚಿಕ್ಕದಾಗಲಿ ಎಂದು ನಮ್ಮ ಕಿವಿಗೆ ಕೇಳಿಸದ ಭಾಗಗಳನ್ನು ಬಿಸಾಡುತ್ತವೆ. ಬಿಸಾಡಿದ್ದು ಮತ್ತೆ ಬರುವುದಿಲ್ಲ. ಸಿಡಿಯ ಧ್ವನಿ ಸೆಕೆಂಡಿಗೆ 1,411 ಕಿಲೋಬಿಟ್. ಅದನ್ನು 128 ಕೆಬಿಪಿಎಸ್ ಎಂಪಿ3 ಮಾಡಿದರೆ ಸುಮಾರು ಹನ್ನೊಂದರಲ್ಲಿ ಒಂದು ಪಾಲಾಯಿತು. ಆ ಎಂಪಿ3ಯನ್ನು ಮತ್ತೆ ಎಎಸಿ ಮಾಡಿದರೆ, ಅದು ತನ್ನ ಲೆಕ್ಕದಲ್ಲಿ ಇನ್ನಷ್ಟು ಬಿಸಾಡುತ್ತದೆ. ಮೊದಲಿನವನು ಬಿಟ್ಟುಹೋದ ಕಲೆಗಳನ್ನೂ ಹಾಡು ಎಂದುಕೊಂಡು ಜೋಪಾನ ಮಾಡುತ್ತದೆ. ಫೋಟೋದ ಜೆರಾಕ್ಸ್, ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ.

ಅದೇ 128ರ ಫೈಲನ್ನು 320ಕ್ಕೆ ಏರಿಸಿದರೂ ಗುಣಮಟ್ಟ ಏರುವುದಿಲ್ಲ, ಗಾತ್ರ ಮಾತ್ರ ಏರುತ್ತದೆ. ಫ್ಲ್ಯಾಕ್ ಮಾಡಿದರೂ ಅಷ್ಟೇ. ‘ಫ್ಲ್ಯಾಕ್ ಹಾಡು ಸಿಕ್ಕಿತು, ಆದರೂ ಮಂಕು’ ಎನ್ನುವವರ ಫೈಲು ಬಹಳ ಸಲ ಹೀಗೆ ಎಂಪಿ3ಯಿಂದ ಮಾಡಿದ್ದಾಗಿರುತ್ತದೆ. ಪತ್ತೆ ಹಚ್ಚಲು ಸ್ಪೆಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಹಾಡನ್ನು ಅದರೊಳಗೆ ಎಳೆದು ಹಾಕಿದರೆ ಬಣ್ಣದ ಚಿತ್ರ ಬರುತ್ತದೆ. ಕೆಳಗೆ ತಗ್ಗಿನ ಸ್ವರಗಳು, ಮೇಲೆ ಹೋದಂತೆ ತೀಕ್ಷ್ಣ ಸ್ವರಗಳು. ಸಿಡಿಯಿಂದ ನೇರ ಬಂದ ಹಾಡಿನಲ್ಲಿ ಬಣ್ಣ ಸಾಮಾನ್ಯವಾಗಿ 20,000 ಹರ್ಟ್ಸ್ ದಾಟಿಯೂ ಹಬ್ಬಿರುತ್ತದೆ. ಕಡಿಮೆ ಬಿಟ್‌ರೇಟ್ ಎಂಪಿ3ಯಿಂದ ಬಂದದ್ದಾದರೆ ಸುಮಾರು 16,000ದ ಹತ್ತಿರ ಚಾಕುವಿನಿಂದ ಕೊಯ್ದ ಹಾಗೆ ಬಣ್ಣ ನಿಂತು, ಮೇಲೆಲ್ಲ ಕಪ್ಪು. ಹಳೆಯ ಕ್ಯಾಸೆಟ್, ಗ್ರಾಮಫೋನ್ ರೆಕಾರ್ಡಿಂಗ್‌ಗಳಲ್ಲಿ ಮೇಲಿನ ಸ್ವರಗಳು ಮೊದಲಿಂದಲೇ ಇರುವುದಿಲ್ಲ, ಅವನ್ನು ಇದರಿಂದ ಅಳೆಯಬೇಡಿ. ಅಲ್ಲಿ ಬಣ್ಣ ನಿಧಾನಕ್ಕೆ ಮಾಸುತ್ತದೆ, ಗೆರೆ ಎಳೆದಂತೆ ನಿಲ್ಲುವುದಿಲ್ಲ.

ಹಾಗಾದರೆ ಪರಿಹಾರ? ಫ್ಲ್ಯಾಕ್, ವೇವ್ ಅಥವಾ ಸಿಡಿ ಸಿಗುತ್ತದಾ ನೋಡಿ, ಅಲ್ಲಿಂದ ಒಂದೇ ಸಲ ಕನ್ವರ್ಟ್ ಮಾಡಿ. ಎಂಪಿ3 ಮಾಡುವುದಾದರೆ ಲೇಮ್‌ನ ವಿಬಿಆರ್‌ನಲ್ಲಿ (ಬಿಟ್‌ರೇಟ್ ಅಗತ್ಯಕ್ಕೆ ತಕ್ಕಂತೆ ಏರಿಳಿಯುವ ಬಗೆ) ವಿ2 ಆಯ್ಕೆ ನನಗೆ ಹಿಡಿಸಿದ್ದು, ಸರಾಸರಿ 190 ಕೆಬಿಪಿಎಸ್ ಹತ್ತಿರ ಬರುತ್ತದೆ. ಓಪಸ್ ಆದರೆ 128 ಸಾಕು. ವಿಡಿಯೋದಿಂದ ಹಾಡು ತೆಗೆಯುವುದಾದರೆ ಕನ್ವರ್ಟ್ ಮಾಡಲೇಬೇಡಿ. ಎಂಪಿ4 ಡಬ್ಬಿಯೊಳಗೆ ಎಎಸಿ ಇದ್ದರೆ, ಎಫ್‌ಎಫ್‌ಎಂಪೆಗ್‌ನಲ್ಲಿ ಕಾಪಿ ಆಯ್ಕೆ ಕೊಟ್ಟು ಅದನ್ನು ಹಾಗೇ ಎಂ4ಎ ಡಬ್ಬಿಗೆ ವರ್ಗಾಯಿಸಬಹುದು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ಧ್ವನಿ ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ಮಂಕಲ್ಲ, ಜೋರಾದ ಜಾಗದಲ್ಲಿ ಚರಚರ ಎನ್ನುತ್ತದೆ ಎಂದರೆ ಅದು ಕ್ಲಿಪ್ಪಿಂಗ್. ಅಂಕಿಗೆ ಒಂದು ಮೇಲ್ಮಿತಿ ಇದೆ, ಅದನ್ನು ಸೊನ್ನೆ ಡೆಸಿಬೆಲ್ ಎನ್ನುತ್ತಾರೆ. ಈಗಿನ ಹಾಡುಗಳನ್ನು ಆ ಮಿತಿಗೆ ಅಂಟಿಕೊಂಡೇ ತಯಾರಿಸಿರುತ್ತಾರೆ. ಎಂಪಿ3 ಮಾಡಿದಾಗ ಅಲೆಯ ಆಕಾರ ಒಂಚೂರು ಬದಲಾಗಿ ಕೆಲವು ತುದಿಗಳು ಮಿತಿ ದಾಟುತ್ತವೆ, ತಲೆ ಕತ್ತರಿಸಿಹೋಗುತ್ತದೆ. ಆಡಾಸಿಟಿಯ ವ್ಯೂ ಮೆನುವಿನಲ್ಲಿ ಕ್ಲಿಪ್ಪಿಂಗ್ ತೋರಿಸುವ ಆಯ್ಕೆ ಇದೆ, ಹಾಗೆ ಆದ ಜಾಗದಲ್ಲಿ ಕೆಂಪು ಗೆರೆ ಬರುತ್ತದೆ. ಮೂಲದಲ್ಲೇ ಕೆಂಪು ತುಂಬಿದ್ದರೆ ಕೈಬಿಡಿ. ಹೊಸದರಲ್ಲಿ ಮಾತ್ರ ಇದ್ದರೆ, ಕನ್ವರ್ಟ್ ಮಾಡುವ ಮುಂಚೆ ಒಂದು ಎರಡು ಡೆಸಿಬೆಲ್ ಇಳಿಸಿ.

ಅವಧಿ ತಪ್ಪು ತೋರಿಸುತ್ತದೆ

ನಾಲ್ಕು ನಿಮಿಷದ ಹಾಡು ಇಪ್ಪತ್ನಾಲ್ಕು ನಿಮಿಷ ಎಂದು ತೋರಿಸಿ, ನಾಲ್ಕಕ್ಕೇ ನಿಂತರೆ ಗಾಬರಿ ಬೇಡ. ವಿಬಿಆರ್ ಎಂಪಿ3ಯಲ್ಲಿ ಬಿಟ್‌ರೇಟ್ ಏರಿಳಿಯುತ್ತಿರುತ್ತದೆ. ಫೈಲಿನ ಮೊದಲಲ್ಲಿ ‘ಝಿಂಗ್’ ಎಂಬ ಪುಟ್ಟ ತಲೆಬರಹ ಇದ್ದರೆ ಪ್ಲೇಯರ್‌ಗೆ ಸರಿಯಾದ ಲೆಕ್ಕ ಸಿಗುತ್ತದೆ. ಅದಿಲ್ಲದಿದ್ದರೆ ಕೆಲವು ಪ್ಲೇಯರ್‌ಗಳು ಮೊದಲ ತುಂಡಿನ ಬಿಟ್‌ರೇಟ್ ನೋಡಿ ಅಂದಾಜು ಹಾಕುತ್ತವೆ. ಹಾಡು ಮೌನದಿಂದ ಶುರುವಾಗಿ ಅಲ್ಲಿ 32 ಕೆಬಿಪಿಎಸ್ ಇದ್ದು, ಸರಾಸರಿ 192 ಇದ್ದರೆ ಅಂದಾಜು ಆರು ಪಟ್ಟಾಯಿತು. ಫೂಬಾರ್2000ದಲ್ಲಿ ವಿಬಿಆರ್ ತಲೆಬರಹ ಸರಿಪಡಿಸುವ ಆಯ್ಕೆ ಇದೆ. ಎಫ್‌ಎಫ್‌ಎಂಪೆಗ್‌ನಲ್ಲಿ ಕಾಪಿ ಮಾಡಿ ಹೊಸ ಎಂಪಿ3ಗೆ ಬರೆಸಿದರೂ ಸರಿಹೋಗುತ್ತದೆ. ಧ್ವನಿ ಮುಟ್ಟುವ ಅಗತ್ಯವೇ ಇಲ್ಲ.

ಕನ್ನಡ ಹೆಸರು ಇದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆ

ಫ್ಲ್ಯಾಕ್‌ನಲ್ಲಿ ಚಂದವಾಗಿ ಕಾಣುತ್ತಿದ್ದ ಕನ್ನಡ ಹೆಸರು ಎಂಪಿ3 ಮಾಡಿದ ಮೇಲೆ ಚೌಕ, ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಫ್ಲ್ಯಾಕ್, ಆಗ್ ಫೈಲುಗಳ ಟ್ಯಾಗ್ ಯಾವಾಗಲೂ ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಸಂಕೇತದಲ್ಲೇ ಇರುತ್ತದೆ, ಅಲ್ಲಿ ತಕರಾರಿಲ್ಲ. ಎಂಪಿ3ಯ ಐಡಿ3 ಟ್ಯಾಗ್‌ಗೆ ಹಲವು ಆವೃತ್ತಿಗಳಿವೆ. ಅತಿ ಹಳೆಯ ಐಡಿ3ವಿ1ರಲ್ಲಿ ಹಾಡಿನ ಹೆಸರಿಗೆ 30 ಬೈಟ್ ಮಾತ್ರ ಜಾಗ. ಕನ್ನಡದ ಪ್ರತಿ ಅಕ್ಷರಚಿಹ್ನೆ ಯುಟಿಎಫ್-8ರಲ್ಲಿ 3 ಬೈಟ್ ತಿನ್ನುತ್ತದೆ, ಗುಣಿತದ ಚಿಹ್ನೆಗಳಿಗೂ ಬೇರೆ ಲೆಕ್ಕ. ‘ಬೆಳಗಿನ ರಾಗ’ ಎಂದರೆ 28 ಬೈಟ್, ಹೇಗೋ ಹಿಡಿಯಿತು. ‘ಬೆಳಗಿನ ರಾಗಗಳು’ ಎಂದರೆ 37, ಬಾಲ ಕತ್ತರಿಸಿಹೋಯಿತು. ಮೇಲಾಗಿ ಆ ಟ್ಯಾಗ್‌ನಲ್ಲಿ ಇದು ಯಾವ ಲಿಪಿ ಎಂದು ಹೇಳಲು ದಾರಿಯೇ ಇಲ್ಲ.

ವಿ2.4ರಲ್ಲಿ ಯುಟಿಎಫ್-8 ಬಂತು, ಎಫ್‌ಎಫ್‌ಎಂಪೆಗ್ ತಾನಾಗಿ ಬರೆಯುವುದು ಅದನ್ನೇ. ಹಳೆಯ ಪ್ಲೇಯರ್‌ಗಳಿಗೆ ಅದು ಓದಲು ಬರುವುದಿಲ್ಲ. ಎಂಪಿ3ಟ್ಯಾಗ್ ಅಥವಾ ಕಿಡ್3 ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಐಡಿ3ವಿ2.3, ಯುಟಿಎಫ್-16 ಎಂದು ಆರಿಸಿ ಸೇವ್ ಮಾಡಿ. ಅಲ್ಲಿಗೂ ಸರಿಹೋಗದಿದ್ದರೆ ಆ ಸಾಧನದಲ್ಲಿ ಕನ್ನಡ ಫಾಂಟೇ ಇಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಬರೆಯದೆ ಬೇರೆ ದಾರಿಯಿಲ್ಲ.

ಟ್ಯಾಗ್ ಪೂರ್ತಿ ಮಾಯವಾಗಿದೆ ಎಂದರೆ ನಡುವೆ ವೇವ್ ಬಂದಿದೆಯಾ ನೋಡಿ. ಫ್ಲ್ಯಾಕ್‌ನಿಂದ ವೇವ್, ಅಲ್ಲಿಂದ ಎಂಪಿ3 ಎಂದು ಎರಡು ಹೆಜ್ಜೆಯಲ್ಲಿ ಮಾಡಿದರೆ ಹೆಸರು, ಚಿತ್ರ ಎಲ್ಲ ದಾರಿಯಲ್ಲೇ ಬಿದ್ದುಹೋಗುತ್ತವೆ. ನೇರವಾಗಿ ಮಾಡಿ.

ಸಣ್ಣಪುಟ್ಟ ಇನ್ನು ಕೆಲವು

ನಿಲ್ಲದೆ ಸಾಗುವ ಕಛೇರಿಯ ರೆಕಾರ್ಡಿಂಗ್‌ನಲ್ಲಿ ಒಂದು ಹಾಡು ಮುಗಿದು ಮತ್ತೊಂದಕ್ಕೆ ಹೋಗುವಾಗ ತಟಕ್ಕನೆ ಬಿಡುವು ಬಂದರೆ, ಅದು ಎಂಪಿ3ಯ ಹುಟ್ಟುಗುಣ. ಅದರ ಒಂದು ತುಂಡು ಎಂದರೆ 1,152 ಸ್ಯಾಂಪಲ್, ಸಿಡಿ ವೇಗದಲ್ಲಿ ಸುಮಾರು 26 ಮಿಲಿಸೆಕೆಂಡ್. ಹಾಡು ಆ ಅಳತೆಗೆ ಸರಿಯಾಗಿ ಮುಗಿಯದಿದ್ದರೆ ಮೌನ ತುಂಬುತ್ತದೆ. ಲೇಮ್ ಎಷ್ಟು ಮೌನ ತುಂಬಿದೆ ಎಂದು ಬರೆದಿಡುತ್ತದೆ, ಕೆಲವು ಪ್ಲೇಯರ್‌ಗಳು ಅದನ್ನು ಓದುವುದೇ ಇಲ್ಲ. ಅಂಥ ರೆಕಾರ್ಡಿಂಗ್‌ಗೆ ಫ್ಲ್ಯಾಕ್ ಅಥವಾ ಓಪಸ್ ಬಳಸಿ, ಇಲ್ಲವೇ ಪೂರ್ತಿ ಕಛೇರಿಯನ್ನು ಒಂದೇ ಫೈಲು ಮಾಡಿ.

ಸೊನ್ನೆ ಗಾತ್ರದ ಫೈಲು ಬಂದರೆ ಡಿಸ್ಕ್‌ನಲ್ಲಿ ಜಾಗ ಇದೆಯಾ, ಆ ಫೋಲ್ಡರ್‌ಗೆ ಬರೆಯಲು ಅನುಮತಿ ಇದೆಯಾ ನೋಡಿ. ಸಿಡಿ ಗುಣಮಟ್ಟದ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ, 24 ಬಿಟ್ 96,000ದ್ದು ಸುಮಾರು 34 ಎಂಬಿ. ಮಾಮೂಲಿ ವೇವ್ ಫೈಲು 4 ಜಿಬಿ ದಾಟುವ ಹಾಗೂ ಇಲ್ಲ.

ಕಾರಿನ ಸ್ಟೀರಿಯೋ, ಹಳೆಯ ಪ್ಲೇಯರ್ ಮಾತ್ರ ಒಪ್ಪದಿದ್ದರೆ ಎಂಪಿ3, 44,100, ಸ್ಟೀರಿಯೋ, ಸ್ಥಿರ 192 ಕೆಬಿಪಿಎಸ್ ಎಂದು ಮಾಡಿ ಕೊಡಿ. ಪೆನ್‌ಡ್ರೈವ್ ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆಗಿರಲಿ. ಫ್ಲ್ಯಾಕ್ ಓದುತ್ತದೆ ಎಂದು ಬರೆದಿರುವ ಸಾಧನಗಳಲ್ಲೂ ಕೆಲವು 16 ಬಿಟ್ ಮಾತ್ರ ಓದುತ್ತವೆ.

ಇಡೀ ಫೋಲ್ಡರ್ ಹಾಕುವ ಮುಂಚೆ

ಒಂದು ಹಾಡು ಮಾಡಿ, ಕೊನೆಯ ತನಕ ಕೇಳಿ, ಟ್ಯಾಗ್ ನೋಡಿ, ನುಡಿಸಬೇಕಾದ ಸಾಧನದಲ್ಲೇ ನುಡಿಸಿ. ಆಮೇಲೆ ಉಳಿದವನ್ನು ಹಾಕಿ. ಹೊಸ ಫೈಲುಗಳು ಬೇರೆ ಫೋಲ್ಡರ್‌ಗೆ ಹೋಗಲಿ. ಎಲ್ಲ ಆಲ್ಬಂಗಳನ್ನೂ ಒಂದೇ ಫೋಲ್ಡರ್‌ಗೆ ಸುರಿಯಬೇಡಿ. ಹತ್ತು ಆಲ್ಬಂನಲ್ಲೂ ‘ಟ್ರ್ಯಾಕ್ 01’ ಎಂಬ ಹೆಸರಿದ್ದರೆ ಒಂದರ ಮೇಲೊಂದು ಬರೆದುಹೋಗಿ ಕೊನೆಗೆ ಒಂದೇ ಉಳಿಯುತ್ತದೆ. ಫ್ರೀಯಾಕ್‌ನಲ್ಲಿ ಕಲಾವಿದರ ಹೆಸರು, ಆಲ್ಬಂ ಹೆಸರಿನಂತೆ ಫೋಲ್ಡರ್ ಮಾಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿ.

ಮುಗಿದ ಮೇಲೆ ಎರಡೂ ಕಡೆಯ ಲೆಕ್ಕ ನೋಡಿ. ಮೂಲದಲ್ಲಿ 212 ಹಾಡು, ಹೊಸದರಲ್ಲಿ 209 ಅಂತಿದ್ದರೆ ಮೂರು ಎಲ್ಲೋ ನಿಂತಿವೆ. ಅವುಗಳ ಹೆಸರು ಬರೆದಿಟ್ಟುಕೊಂಡು, ಒಂದೊಂದನ್ನೂ ಮೀಡಿಯಾಇನ್ಫೋಗೆ ಹಾಕಿ ಮೊದಲಿನಿಂದ ಶುರುಮಾಡಿ.